ಕಬಿನಿಯಲ್ಲಿ ದೋಣಿ ಹತ್ತುವ ಮುಂಚೆ ನೀರಿನ ಮಟ್ಟ ನೋಡಿ

ಪ್ರಶ್ನೆ: ನಾನು ದಾವಣಗೆರೆಯವಳು, ನಿವೃತ್ತ ಶಿಕ್ಷಕಿ. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಲ್ಲಿದ್ದಾರೆ. ಎಲ್ಲರೂ ಸೇರಿ ಒಮ್ಮೆ ನಾಗರಹೊಳೆ ನೋಡಿಬರಬೇಕು ಅಂತ ಇದ್ದೇವೆ. ಜೀಪ್ ಸಫಾರಿಯೇ ಸರಿ, ದೋಣಿಯಲ್ಲಿ ಹೋದರೆ ಹುಲಿ ಕಾಣಲ್ಲ, ದುಡ್ಡು ದಂಡ ಅನ್ನುತ್ತಾನೆ ಮಗ. ನನಗೆ ಮೊಣಕಾಲು ನೋವು, ಜೀಪಿನ ಕುಲುಕಾಟ ತಡೆಯಲಾರೆ. ಕಬಿನಿಯಲ್ಲಿ ದೋಣಿ ಸಫಾರಿ ಇದೆಯಂತಲ್ಲ, ಅಷ್ಟೇ ಸಾಕು ಅನ್ನಿಸುತ್ತದೆ. ನಮ್ಮ ಯಜಮಾನರಿಗೆ ನೀರು ಕಂಡರೆ ಭಯ. ಒಂಬತ್ತು ವರ್ಷದ ಮೊಮ್ಮಗಳು ಆನೆ ಈಜೋದನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ದೋಣಿಯಿಂದ ನಿಜವಾಗಿ ಏನು ಕಾಣುತ್ತದೆ? ಅಪಾಯ ಇಲ್ಲವೆ? ಯಾವ ತಿಂಗಳಲ್ಲಿ ಹೋಗಬೇಕು?

ಉತ್ತರ: ದೋಣಿಯನ್ನೇ ಹತ್ತಿ ಮೇಡಂ. ನಿಮ್ಮ ಮಗ ಹೇಳುವುದರಲ್ಲೂ ಹುರುಳಿದೆ. ಹುಲಿಯೊಂದೇ ಗುರಿಯಾದರೆ ಜೀಪೇ ವಾಸಿ. ಕಾಡುದಾರಿಯ ಮಣ್ಣಿನಲ್ಲಿ ಹೆಜ್ಜೆ ನೋಡಿ, ಮರದ ಮೇಲಿನ ಮುಸುವ ಕೆಮ್ಮಿದ ದಿಕ್ಕು ಹಿಡಿದು, ಜಿಂಕೆಗಳ ಎಚ್ಚರಿಕೆಯ ಕೂಗಿಗೆ ಕಿವಿಗೊಟ್ಟು ಹುಲಿಯನ್ನು ಹುಡುಕಿಕೊಂಡು ಹೋಗಲು ಜೀಪಿನಲ್ಲಿ ಆಗುತ್ತದೆ. ನೀರಿನ ಮೇಲೆ ಅದು ನಡೆಯುವುದಿಲ್ಲ. ಹುಲಿ ತಾನಾಗಿ ದಂಡೆಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ದಂಡೆಯ ನೀರಲ್ಲಿ ಮೈ ಮುಳುಗಿಸಿ ಕೂತ ಹುಲಿಯನ್ನು ದೋಣಿಯಿಂದ ನೋಡಿದವರಿದ್ದಾರೆ; ಒಂದು ದಂಡೆಯಿಂದ ಇನ್ನೊಂದಕ್ಕೆ ಅದು ಈಜಿ ಹೋದದ್ದನ್ನು ಕಂಡವರೂ ಇದ್ದಾರೆ. ಆ ಆಸೆಯ ಮೇಲೆ ಮಾತ್ರ ಟಿಕೆಟ್ ಕೊಳ್ಳಬೇಡಿ. ಆನೆಯ ಹಿಂಡೊಂದು ತನ್ನ ಪಾಡಿಗೆ ತಾನು ಮೇಯುವುದನ್ನು, ಮಣ್ಣೆರಚಿಕೊಳ್ಳುವುದನ್ನು, ಮರಿಗಳನ್ನು ಗದರುವುದನ್ನು ನೆಮ್ಮದಿಯಾಗಿ ಕೂತು ನೋಡಬೇಕು, ಮೊಸಳೆ, ನೀರುನಾಯಿ, ನೀರಹಕ್ಕಿಗಳನ್ನು ಹತ್ತಿರದಿಂದ ಕಾಣಬೇಕು ಅನ್ನುವವರಿಗೆ ನಾಗರಹೊಳೆಯಲ್ಲಿ ದೋಣಿಗೆ ಸಮನಾದದ್ದು ಬೇರೆ ಇಲ್ಲ. ನಿಮ್ಮ ಮೊಮ್ಮಗಳು ಕೇಳಿರುವುದೂ ಹುಲಿಯನ್ನಲ್ಲ. ನನ್ನ ಮತ ಅವಳಿಗೆ.

ಜೀಪೋ ದೋಣಿಯೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆಯನ್ನು ನೀವು ಕೊನೆಯಲ್ಲಿ ಕೇಳಿದ್ದೀರಿ. ಯಾವ ತಿಂಗಳು ಅನ್ನುವುದರ ಮೇಲೇ ಕಬಿನಿಯಲ್ಲಿ ಎಲ್ಲವೂ ನಿಂತಿದೆ. ಆಗಸ್ಟಿನಲ್ಲಿ ದೋಣಿ ಹತ್ತಿದವರೂ ಏಪ್ರಿಲ್‌ನಲ್ಲಿ ಹತ್ತಿದವರೂ ಎದುರುಬದುರು ಕೂತು ಮಾತಾಡಿದರೆ, ಇಬ್ಬರೂ ಒಂದೇ ಜಾಗಕ್ಕೆ ಹೋಗಿಬಂದವರು ಎಂದು ನಂಬುವುದು ಕಷ್ಟ. ಆದ್ದರಿಂದ ಹೋಗುವವರಿಗೆ ನಾನು ಮೊದಲು ಹೇಳುವುದು: ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ನೋಡಿ. ಅದರಲ್ಲಿ ಕಬಿನಿಯ ಮುಂದೆ ಗರಿಷ್ಠ ಮಟ್ಟ 2284 ಅಡಿ ಎಂದಿರುತ್ತದೆ. ಇಷ್ಟೆತ್ತರದ ಅಣೆಕಟ್ಟೇ ಎಂದು ಗಾಬರಿಯಾಗಬೇಡಿ, ಅದು ಸಮುದ್ರಮಟ್ಟದಿಂದ ಹಿಡಿದ ಲೆಕ್ಕ. ಅದರ ಪಕ್ಕದ ಇಂದಿನ ಮಟ್ಟ ಗರಿಷ್ಠಕ್ಕಿಂತ ಎಷ್ಟು ಕೆಳಗಿದೆ ಎಂಬುದೇ ನಿಮ್ಮ ಸಫಾರಿಯ ಜಾತಕ.

ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಬಿನಿ, ಅಂದರೆ ನಮ್ಮ ಕಪಿಲೆ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿಂದ ಕರ್ನಾಟಕಕ್ಕೆ ಇಳಿದು, ನಂಜನಗೂಡು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ನಡುವೆ, ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿ–ಬಿದರಹಳ್ಳಿಗಳ ಹತ್ತಿರ 1974ರಲ್ಲಿ ಅಣೆಕಟ್ಟು ಮುಗಿಯಿತು. ಹಿಡಿಯುವುದು 19.52 ಟಿಎಂಸಿ, ಕೆಆರ್‌ಎಸ್ ಮುಂದೆ ಚಿಕ್ಕದು. ಆದರೆ ವಯನಾಡಿನ ಬೆಟ್ಟಗಳಲ್ಲಿ ಮುಂಗಾರು ಹಿಡಿದುಕೊಂಡರೆ ಬಿಡುವುದಿಲ್ಲ. ಹಾಗಾಗಿ ಕಾವೇರಿ ಕಣಿವೆಯ ನಮ್ಮ ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬುವುದು ಇದೇ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಜುಲೈನಲ್ಲಿ, ಗೇಟು ತೆರೆದ ಸುದ್ದಿ ಬರುತ್ತದೆ. ಬೇಗ ತುಂಬುವ ಕಬಿನಿ ಬೇಗ ಇಳಿಯುವುದೂ ಹೌದು. ನಾಲೆಗೆ ಬಿಡಬೇಕು, ಕುಡಿಯುವ ನೀರಿಗೆ ಕೊಡಬೇಕು, ಕೆಳಗಿನ ಕಾವೇರಿಗೂ ಹೋಗಬೇಕು. ಸಂಕ್ರಾಂತಿ ಕಳೆದ ಮೇಲೆ ಹಿನ್ನೀರು ವಾರದಿಂದ ವಾರಕ್ಕೆ ಹಿಂದೆ ಸರಿಯುತ್ತ ಹೋಗುತ್ತದೆ.

ಹಿನ್ನೀರಿನ ಒಂದು ಬದಿಗೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಇನ್ನೊಂದು ಬದಿಗೆ ಬಂಡೀಪುರ. ಈ ಒಣ ಎಲೆಯುದುರು ಕಾಡಿನಲ್ಲಿ ಫೆಬ್ರುವರಿ ಕಳೆದರೆ ತೇಗ ಬೋಳಾಗಿರುತ್ತದೆ, ಹುಲ್ಲು ಒಣಗಿ ತರಗಾಗಿರುತ್ತದೆ, ಒಳಗಿನ ಕೆರೆಕಟ್ಟೆಗಳ ತಳ ಬಿರುಕು ಬಿಟ್ಟಿರುತ್ತದೆ. ಅದೇ ಹೊತ್ತಿಗೆ ಹಿನ್ನೀರು ಸರಿದ ಜಾಗದಲ್ಲಿ ಹಸಿ ಮೆಕ್ಕಲು ಮಣ್ಣು ಬಯಲಾಗಿ, ಅದರ ಮೇಲೆ ಎಳೆ ಹುಲ್ಲು ಏಳುತ್ತದೆ. ದೊಡ್ಡಾನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಮಿಕ್ಕ ನೀರು ಬೇಕು. ಸುತ್ತಲಿನ ಕಾಡಿನಲ್ಲಿ ಎರಡೂ ಒಟ್ಟಿಗೆ, ಒಂದೇ ಕಡೆ, ಇಷ್ಟು ಧಾರಾಳವಾಗಿ ಸಿಗುವುದು ಆಗ ಈ ದಂಡೆಯಲ್ಲಿ ಮಾತ್ರ. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆ, ಎಲ್ಲ ಕಾಡುಗಳೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಹಿಂಡುಗಳು ದೂರದೂರದಿಂದ ಇಳಿದು ಬರುತ್ತವೆ. ಮಾರ್ಚ್‌ನಿಂದ ಮೇ ನಡುವಿನವರೆಗೆ ಇಲ್ಲಿ ನೆರೆಯುವ ಆನೆಗಳನ್ನು ಏಷ್ಯಾದ ಆನೆಗಳ ಅತಿ ದೊಡ್ಡ ಜಮಾವಣೆಗಳಲ್ಲಿ ಒಂದು ಎನ್ನುತ್ತಾರೆ. ನೂರಾರು ಆನೆ ಅಂದಾಗ ಅದು ಮಾತಿನ ಅಲಂಕಾರವಲ್ಲ. ಒಂದೇ ನೋಟಕ್ಕೆ ಅಷ್ಟೂ ಸಿಗುವುದಿಲ್ಲ ನಿಜ, ಆದರೆ ದೋಣಿ ಒಂದು ಕೊಲ್ಲಿ ದಾಟಿ ಇನ್ನೊಂದಕ್ಕೆ ಹೊರಳಿದಾಗಲೆಲ್ಲ ಬೇರೆ ಬೇರೆ ಹಿಂಡು ಎದುರಾಗುವ ಸಂಜೆಗಳಿರುತ್ತವೆ.

ಭರಣಿಯೋ ಕೃತ್ತಿಕೆಯೋ ನಾಲ್ಕು ಹದ ಮಳೆ ಸುರಿಸಿತು ಅನ್ನಿ, ಕಾಡೊಳಗಿನ ಹಡ್ಲುಗಳಲ್ಲಿ, ಅಂದರೆ ತಗ್ಗಿನ ಜೌಗು ಬಯಲುಗಳಲ್ಲಿ, ಹುಲ್ಲು ಚಿಗುರುತ್ತದೆ, ಹೊಂಡಗಳಿಗೆ ನೀರು ಬರುತ್ತದೆ. ಆನೆಗಳಿಗೆ ದಂಡೆಯ ಹಂಗು ತಪ್ಪುತ್ತದೆ, ಚದುರಿಬಿಡುತ್ತವೆ. ಮೇ ಕೊನೆಯ ವಾರಕ್ಕೆ ಬುಕ್ ಮಾಡಿಕೊಂಡು, ಹಿಂದಿನ ವಾರವೇ ಮಳೆ ಬಿದ್ದು, ಖಾಲಿ ದಂಡೆ ನೋಡಿ ಬಂದವರ ದೂರು ನನ್ನ ಕಿವಿಗೆ ಹೊಸದಲ್ಲ. ಅದರಲ್ಲಿ ದೋಣಿಯವರ ತಪ್ಪೇನೂ ಇಲ್ಲ.

ನಿಮ್ಮ ಮೊಮ್ಮಗಳಿಗೆ ಬೇಸಿಗೆ ರಜೆ ಹೇಗೂ ಏಪ್ರಿಲ್‌ನಲ್ಲೇ ಶುರು. ಆ ತಿಂಗಳ ನಡುವೆ ಹೋದರೆ ಆನೆಯ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಈಜುವುದನ್ನು ನೋಡುವ ಆಸೆಗೆ ಮಾತ್ರ ಒಂದು ತೊಡಕಿದೆ. ಆನೆ ಈಜುವುದರಲ್ಲಿ ಗಟ್ಟಿಗ. ಸೊಂಡಿಲನ್ನು ನೀರಿನ ಮೇಲೆತ್ತಿ ಉಸಿರಾಡುತ್ತ ಮೈಯೆಲ್ಲ ಮುಳುಗಿಸಿಕೊಂಡು ಹೋಗಬಲ್ಲದು. ಬಂಡೀಪುರದ ಬದಿಯಿಂದ ನಾಗರಹೊಳೆಯ ಬದಿಗೆ ಹಿಂಡಿಗೆ ಹಿಂಡೇ ದಾಟುವುದುಂಟು. ಆಗ ಮರಿಗಳನ್ನು ದೊಡ್ಡ ಹೆಣ್ಣಾನೆಗಳ ನಡುವೆ ಇಟ್ಟುಕೊಂಡಿರುತ್ತವೆ. ಆದರೆ ನೀರು ತೀರ ಇಳಿದಾಗ ಹಲವೆಡೆ ಆನೆಗೆ ಈಜುವ ಅಗತ್ಯವೇ ಬೀಳುವುದಿಲ್ಲ, ನಡೆದೇ ದಾಟುತ್ತದೆ. ನೀರೂ ಸಾಕಷ್ಟಿದ್ದು ಆನೆಯೂ ದಂಡೆಗೆ ಬಂದಿರುವುದು ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ. ಶಾಲೆ ತಪ್ಪಿಸಿ ಕರೆದುಕೊಂಡು ಹೋಗಿ ಎಂದು ನಿವೃತ್ತ ಶಿಕ್ಷಕಿಗೆ ಹೇಳುವ ಧೈರ್ಯ ನನಗಿಲ್ಲ. ಹಾಗಾಗಿ ಏಪ್ರಿಲ್‌ನಲ್ಲೇ ಹೋಗಿ. ಈಜುವ ಆನೆ ಕಾಣದಿದ್ದರೂ ನೀರಾಟವಾಡುವ ಆನೆ ಕಾಣುತ್ತದೆ: ಮರಿಗಳು ಒಂದರ ಮೇಲೊಂದು ಬೀಳುವುದು, ಹದಿಹರೆಯದ ಗಂಡುಗಳು ತಲೆಗೆ ತಲೆ ಕೊಟ್ಟು ನೂಕಾಡುವುದು. ಒಂಬತ್ತರ ಹುಡುಗಿಗೆ ಇದು ಹಿಡಿಸುತ್ತದೆ.

ಅವಳಿಗೆ ಮೊದಲೇ ಒಂದೆರಡು ಸಂಗತಿ ಹೇಳಿಕೊಡಿ, ನೋಡುವುದು ಹೆಚ್ಚಾಗುತ್ತದೆ. ಹಿಂಡೆಂದರೆ ತಾಯಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು, ಅವರ ಮಕ್ಕಳು. ಮುಂದಾಳು ಹಿರಿಯ ಹೆಣ್ಣಾನೆ. ಗಂಡುಗಳು ಹದಿಹರೆಯಕ್ಕೆ ಬಂದ ಮೇಲೆ ಹಿಂಡು ಬಿಡುತ್ತವೆ, ಒಂಟಿಯಾಗಿಯೋ ಎರಡು ಮೂರು ಸೇರಿಯೋ ತಿರುಗುತ್ತವೆ. ದೋಣಿ ಹತ್ತಿರವಾದಾಗ ಹಿರಿಯಳು ಏನು ಮಾಡುತ್ತಾಳೆ ಎಂದು ನೋಡಲು ಹೇಳಿ. ಸೊಂಡಿಲನ್ನು ಮೇಲೆತ್ತಿ ತುದಿಯನ್ನು ನಮ್ಮತ್ತ ಬಾಗಿಸಿದರೆ ನಮ್ಮ ವಾಸನೆ ಹಿಡಿಯುತ್ತಿದ್ದಾಳೆ ಎಂದರ್ಥ. ಕಿವಿ ಅಗಲಿಸಿ ಮೈ ನಮ್ಮ ಕಡೆ ತಿರುಗಿಸಿದರೆ ಇನ್ನು ಮುಂದೆ ಬರಬೇಡಿ ಅನ್ನುತ್ತಿದ್ದಾಳೆ. ಎಲ್ಲ ಆನೆಗಳೂ ಬಾಲ ಒಂದೆಡೆ ಮಾಡಿ ಒತ್ತೊತ್ತಾಗಿ ನಿಂತರೆ ಒಳಗೆಲ್ಲೋ ಎಳೆಮರಿ ಇದೆ. ಒಳ್ಳೆಯ ದೋಣಿ ಚಾಲಕ ಅಷ್ಟು ಹೊತ್ತಿಗಾಗಲೇ ಎಂಜಿನ್ ಆರಿಸಿ, ದೋಣಿಯನ್ನು ನೀರಿನ ಸೆಳೆತಕ್ಕೆ ಬಿಟ್ಟಿರುತ್ತಾನೆ. ಆ ಮೌನವೇ ದೋಣಿ ಸಫಾರಿಯ ಹೆಚ್ಚುಗಾರಿಕೆ. ಜೀಪಿನಲ್ಲಿ ಎಂಜಿನ್ ನಿಲ್ಲಿಸಿದರೂ ಮುಂದೊಂದು ಹಿಂದೊಂದು ಜೀಪು ಇರುತ್ತದೆ, ಹುಲಿ ಸುದ್ದಿ ಬಂದರಂತೂ ಎಲ್ಲರೂ ಅತ್ತ ದೌಡು. ನೀರಿನ ಮೇಲೆ ದೌಡಾಯಿಸಲು ಆಗುವುದಿಲ್ಲ. ಪ್ರಾಣಿಗಳೂ ನೀರಿನ ಕಡೆಯಿಂದ ಬರುವವರನ್ನು ನೆಲದ ಮೇಲಿನ ಮನುಷ್ಯರಷ್ಟು ಅನುಮಾನದಿಂದ ನೋಡುವುದಿಲ್ಲ ಅನ್ನುವುದು ನಾನು ಕಂಡುಕೊಂಡದ್ದು.

ಮಳೆಗಾಲ ಮುಗಿದು ನೀರು ಕಾಡಿನ ಅಂಚಿನವರೆಗೆ ತುಂಬಿ ನಿಂತ ತಿಂಗಳುಗಳು ಬೇಡವೇ ಬೇಡ ಎಂದು ನಾನು ಹೇಳಿದೆ ಅಂದುಕೊಳ್ಳಬೇಡಿ. ಅಕ್ಟೋಬರಿನಿಂದ ಜನವರಿವರೆಗೆ ಕಬಿನಿಯ ಅಂದವೇ ಬೇರೆ. ಕಾಡು ಹಸಿರಾಗಿರುತ್ತದೆ, ಬೆಳಗಿನ ಮಂಜು ನೀರಿನ ಮೇಲೆ ಹರಡಿರುತ್ತದೆ, ದೋಣಿ ಮರಗಳ ಬುಡದ ಹತ್ತಿರಕ್ಕೇ ಹೋಗುತ್ತದೆ. ಆನೆ ಕಡಿಮೆ, ಹಕ್ಕಿ ಜಾಸ್ತಿ. ಬರಿಯ ನೋಟದ ಸೊಬಗಿಗೆ ಹೋಗುವವರಿಗೆ ನಾನು ಡಿಸೆಂಬರ್ ಹೇಳುತ್ತೇನೆ. ಚಳಿಯ ಬೆಳಗಿನಲ್ಲಿ ಬಿಸಿಲೇರುತ್ತಿದ್ದಂತೆ ಮೊಸಳೆಗಳು ದಂಡೆಗೆ ಬಂದು ಮೈ ಕಾಯಿಸುತ್ತವೆ. ಬಾಯಿ ತೆರೆದು ಮಲಗಿದ್ದರೆ ಯಾರನ್ನೋ ನುಂಗಲು ಕಾಯುತ್ತಿದೆ ಎಂದೇನಲ್ಲ, ಮೈಯ ಬಿಸಿ ಹದಕ್ಕೆ ತರಲು ಅದು ಹಾಗೆ ಮಾಡುತ್ತದೆ.

ಹಿನ್ನೀರಿನ ಉದ್ದಕ್ಕೂ ನೀರಿನಿಂದ ಎದ್ದು ನಿಂತ ಒಣಮರಗಳನ್ನು ನೋಡುತ್ತೀರಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಉಳಿಕೆ ಅವು. ಹಕ್ಕಿಗಳಿಗೆ ಅದಕ್ಕಿಂತ ಒಳ್ಳೆಯ ಮಣೆ ಬೇಕೆ? ನೀರುಕಾಗೆಗಳು ಸಾಲಾಗಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುತ್ತವೆ. ಅವುಗಳ ನಡುವೆ ಕತ್ತು ಬಳುಕಿಸುವುದೊಂದು ಕಂಡರೆ ಅದು ಹಾವಕ್ಕಿ. ಈಜುವಾಗ ಕತ್ತೊಂದೇ ಮೇಲಿರುವುದರಿಂದ ಹಾವೆಂದೇ ಬೆಚ್ಚುತ್ತೇವೆ. ಒಣಮರದ ತುತ್ತತುದಿಯಲ್ಲಿ ಒಂಟಿಯಾಗಿ ಕೂತ, ತಲೆ ಬೆಳ್ಳಗಿದ್ದು ಕಣ್ಣಿನ ಮೇಲೆ ಕಪ್ಪುಪಟ್ಟಿ ಎಳೆದಂತಿರುವ ಹದ್ದು ಕಂಡರೆ ಚಾಲಕನಿಗೆ ಸ್ವಲ್ಪ ನಿಲ್ಲಿಸಲು ಹೇಳಿ. ಅದು ಆಸ್ಪ್ರೆ, ಚಳಿಗಾಲಕ್ಕೆ ದೂರದ ಉತ್ತರದಿಂದ ಬರುವ ಅತಿಥಿ. ಕಾಲು ಮುಂದೆ ಚಾಚಿ ನೀರಿಗೆ ಬಿದ್ದು ಮೀನು ಹಿಡಿಯುತ್ತದೆ, ಹಿಡಿದ ಮೀನನ್ನು ತಲೆ ಮುಂದಾಗಿ ತಿರುಗಿಸಿಕೊಂಡು ಹಾರುತ್ತದೆ. ಬಣ್ಣದ ಕೊಕ್ಕರೆ, ಬಿಳಿಗತ್ತಿನ ಕೊಕ್ಕರೆ, ಕಪ್ಪುಬಿಳಿ ಮಿಂಚುಳ್ಳಿ, ನೀರಿಗೆ ಮೈ ಸೋಕಿದಂತೆ ಹಾರುವ ರೀವ (ರಿವರ್ ಟರ್ನ್) ಇವೆಲ್ಲ ಸುಲಭವಾಗಿ ಸಿಗುವವು. ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಒಮ್ಮೊಮ್ಮೆ ಈ ಹಿನ್ನೀರಿಗೂ ಇಳಿಯುತ್ತವೆ. ನೀರುನಾಯಿ ಮಾತ್ರ ಅದೃಷ್ಟದ ಮಾತು. ಗುಂಪಾಗಿ ಮೀನು ಅಟ್ಟಿಕೊಂಡು ಹೋಗುತ್ತವೆ, ತಲೆಗಳು ಒಂದಾದ ಮೇಲೊಂದು ನೀರಿನ ಮೇಲೆ ಬಂದು ಮಾಯವಾಗುತ್ತವೆ. ಕ್ಯಾಮೆರಾ ಹುಡುಕುತ್ತ ಕೂತರೆ ಅಷ್ಟರಲ್ಲಿ ಮುಗಿದಿರುತ್ತದೆ. ದಂಡೆಯ ಹುಲ್ಲಿನಲ್ಲಿ ಜಿಂಕೆ, ಕಡವೆ, ಕಾಡುಹಂದಿ, ಸಂಜೆಯಾದರೆ ಕಾಟಿಗಳು. ಸೀಳುನಾಯಿಗಳ ಗುಂಪು ಕಡವೆಯನ್ನು ನೀರಿಗೆ ಅಟ್ಟಿ ಹಿಡಿಯುವುದೂ ನಡೆಯುತ್ತದೆ. ಕಂಡರೆ ಮಗುವಿನ ಕಣ್ಣು ಮುಚ್ಚಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು; ನಾನಾದರೆ ಮುಚ್ಚುವುದಿಲ್ಲ.

ಆನೆಗಳ ಮಾತು ಬಂದಾಗ ಭೋಗೇಶ್ವರನನ್ನು ನೆನೆಯದೆ ಇರಲಾಗದು. ನೆಲಕ್ಕೆ ತಾಗುವಷ್ಟು ಉದ್ದದ, ತುದಿಯಲ್ಲಿ ಒಂದಕ್ಕೊಂದು ಅಡ್ಡಹಾಯ್ದ ದಂತಗಳ ಆ ಸಲಗ ಬಹಳ ವರ್ಷ ಈ ಹಿನ್ನೀರಿನ ಗುರುತೇ ಆಗಿದ್ದ. ಜೀಪು ದೋಣಿ ಕಂಡರೆ ಸಿಟ್ಟಾಗುವ ಸ್ವಭಾವದವನಲ್ಲ. 2022ರ ಜೂನ್‌ನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ಸತ್ತು ಬಿದ್ದಿದ್ದ. ವಯಸ್ಸಾಗಿತ್ತು, ಸಹಜ ಸಾವು. ಅಳೆದಾಗ ಒಂದು ದಂತ 2.54 ಮೀಟರ್, ಇನ್ನೊಂದು 2.34 ಮೀಟರ್ ಇತ್ತು. ಅಂಥ ದಂತ ಹೊತ್ತ ಆನೆ ಸುಮಾರು ಅರವತ್ತರ ತನಕ ಕಳ್ಳರ ಕೈಗೆ ಸಿಗದೆ ಬದುಕಿತು ಎಂಬುದು ಕಾಡು ಕಾಯುವವರ ಹೆಗ್ಗಳಿಕೆ.

ಇನ್ನೊಂದು ಸಂಗತಿ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ದೋಣಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಈ ಸರೋವರ ನಿಸರ್ಗದ್ದಲ್ಲ. ಇಲ್ಲಿ ಮೊದಲಿದ್ದದ್ದು ಕಾಕನಕೋಟೆಯ ಕಾಡು ಮತ್ತು ಅದರ ನಡುವೆ ಹರಿಯುತ್ತಿದ್ದ ಹೊಳೆ. ಮೈಸೂರು ಅರಸರ ಕಾಲದ ಹೆಸರಾಂತ ಖೆಡ್ಡಾಗಳು ನಡೆದದ್ದು ಈ ದಂಡೆಯಲ್ಲೇ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗಿನಿಂದ ಹೊಳೆಗೆ ಅಟ್ಟಿ, ಹೊಳೆ ದಾಟಿಸಿ ಕೂಡಿಹಾಕುವುದನ್ನು ನೋಡಲು ವೈಸರಾಯ್‌ಗಳೂ ಹೊರದೇಶದ ಅತಿಥಿಗಳೂ ಬಂದು ಅಟ್ಟಣೆ ಮೇಲೆ ಕೂರುತ್ತಿದ್ದರು. ಆನೆ ಅಟ್ಟುವ ಕೆಲಸ ಮಾತ್ರ ಜೇನುಕುರುಬರದು, ಬೆಟ್ಟಕುರುಬರದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಕ್ಕೆ ಅಣೆಕಟ್ಟು ಮುಗಿದು ಆ ಹೊಳೆದಂಡೆಯ ಬಹುಭಾಗ ನೀರಿನಡಿ ಸೇರಿತು. ಅದರ ಜೊತೆ ಹಳ್ಳಿಗಳು, ಹೊಲಗದ್ದೆಗಳು, ಆದಿವಾಸಿಗಳ ಹಾಡಿಗಳೂ ಮುಳುಗಿದವು. ಮುಳುಗದೆ ಉಳಿದ ಹಾಡಿಗಳವರಲ್ಲಿ ಎಷ್ಟೋ ಮಂದಿಯನ್ನು ಆಮೇಲೆ ಕಾಡಿನ ರಕ್ಷಣೆಯ ಹೆಸರಿನಲ್ಲಿ ಹೊರಗೆ ಕಳಿಸಲಾಯಿತು. ನಾಗರಹೊಳೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ. ನಾವು ಮೆಚ್ಚಿ ನೋಡುವ ಆ ಆನೆಗಳ ಜಮಾವಣೆಯೂ ಅಣೆಕಟ್ಟಿನ ಮಗುವೇ; ನೀರು ತುಂಬಿ ಇಳಿಯದಿದ್ದರೆ ಅಲ್ಲಿ ಆ ಹುಲ್ಲುಗಾವಲು ಹುಟ್ಟುತ್ತಲೇ ಇರಲಿಲ್ಲ. ನಿಮ್ಮ ಮೊಮ್ಮಗಳು ಒಣಮರಗಳನ್ನು ತೋರಿಸಿ ಇವು ಯಾಕೆ ನೀರಿನಲ್ಲಿವೆ ಎಂದು ಕೇಳೇ ಕೇಳುತ್ತಾಳೆ. ಆಗ ಅವಳಿಗೆ ಪೂರ್ತಿ ಉತ್ತರ ಕೊಡಿ.

ಈಗ ಯಜಮಾನರ ಭಯದ ವಿಷಯ. ಅವರನ್ನು ನೋಡಿ ನಗಬೇಡಿ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಸರೋವರದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಂಡೆಯಲ್ಲಿ ಪ್ರಾಣಿ ಕಂಡು ಜನ ಒಂದೇ ಬದಿಗೆ ಸರಿದದ್ದೂ ಕಾರಣಗಳಲ್ಲಿ ಒಂದೆಂದು ಆಗ ವರದಿಯಾಯಿತು. ಅದೂ ಅಣೆಕಟ್ಟಿನ ನೀರು, ಅಲ್ಲಿಯೂ ಮುಳುಗಿದ ಮರಗಳ ಬೊಡ್ಡೆಗಳು. ಕಬಿನಿಯ ಸಫಾರಿ ದೋಣಿಗಳು ತೇಕ್ಕಡಿಯ ಆ ದೋಣಿಯ ಹಾಗೆ ಎರಡಂತಸ್ತಿನವಲ್ಲ. ತಗ್ಗಾಗಿ, ಮೇಲೊಂದು ಚಾವಣಿ ಇದ್ದು, ಸುತ್ತ ತೆರೆದಿರುತ್ತವೆ. ಲೈಫ್ ಜಾಕೆಟ್ ಕೊಡುತ್ತಾರೆ. ಕೊಟ್ಟದ್ದನ್ನು ಹೆಗಲಿಗೆ ನೇತುಹಾಕಿಕೊಳ್ಳುವುದಲ್ಲ, ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಮಗುವಿಗೆ ಮಗುವಿನ ಅಳತೆಯದೇ ಬೇಕು. ದೊಡ್ಡವರದು ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ. ಇಲ್ಲವೆಂದರೆ ಹೊರಡುವ ಮೊದಲೇ ತರಿಸಿ ಎಂದು ಕೇಳಿ, ಸಂಕೋಚ ಬೇಡ. ಆನೆ ಯಾವ ಬದಿಗೆ ಕಂಡರೂ ಎದ್ದು ನಿಲ್ಲಬಾರದು, ಆ ಬದಿಗೆ ಓಡಬಾರದು. ದೋಣಿಯನ್ನು ತಿರುಗಿಸುವುದು ಚಾಲಕನ ಕೆಲಸ. ಎರಡೂ ಬದಿಯವರಿಗೂ ಅವನು ತೋರಿಸುತ್ತಾನೆ. ಇದನ್ನು ನಿಮ್ಮ ಮಗನಿಗೆ ಒತ್ತಿ ಹೇಳಿ. ಇಂಥ ಹೊತ್ತಿನಲ್ಲಿ ಮೊದಲು ಎದ್ದು ನಿಲ್ಲುವುದು ಮಕ್ಕಳಲ್ಲ, ಫೋನ್ ಹಿಡಿದ ಅಪ್ಪಂದಿರು. ಯಜಮಾನರನ್ನು ನಡುವಿನ ಸಾಲಿನಲ್ಲಿ, ನಡುವಿನ ಸೀಟಿನಲ್ಲಿ ಕೂರಿಸಿ. ಅಲ್ಲಿ ಓಲಾಟವೂ ಕಡಿಮೆ, ನೀರೂ ಕಣ್ಣಿಗೆ ನೇರ ಬೀಳುವುದಿಲ್ಲ.

ನಿಮ್ಮ ಮೊಣಕಾಲಿಗೆ ದೋಣಿಯೊಳಗೆ ತೊಂದರೆಯಿಲ್ಲ, ಕಾಲು ಚಾಚಿಕೊಂಡು ಕೂರಬಹುದು. ಕಷ್ಟವಾದರೆ ದೋಣಿವರೆಗಿನ ದಾರಿಯಲ್ಲಿ. ನೀರು ಇಳಿದಷ್ಟೂ ದೋಣಿ ಹತ್ತುವ ಜಾಗವೂ ಕೆಳಕ್ಕೆ ಸರಿಯುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಹೆಜ್ಜೆ ಇದ್ದದ್ದು ಏಪ್ರಿಲ್‌ನಲ್ಲಿ ಇಳಿಜಾರಿನ ನಡಿಗೆಯಾಗಬಹುದು. ಬುಕ್ ಮಾಡುವಾಗಲೇ ಕೇಳಿ ತಿಳಿದುಕೊಳ್ಳಿ, ವಯಸ್ಸಾದವರಿದ್ದಾರೆ ಎಂದು ಹೇಳಿಬಿಡಿ. ಊರುಗೋಲು ಬಳಸುವ ರೂಢಿಯಿದ್ದರೆ ತಪ್ಪದೆ ತನ್ನಿ. ಹೊರಡುವ ಮುಂಚೆ ಶೌಚಾಲಯಕ್ಕೆ ಹೋಗಿಬನ್ನಿ, ಒಮ್ಮೆ ಹೊರಟರೆ ಎರಡು ಮೂರು ಗಂಟೆ ಎಲ್ಲೂ ಇಳಿಸುವುದಿಲ್ಲ.

ಬೈನಾಕ್ಯುಲರ್ ಒಂದಿದ್ದರೆ ಸುಖ. ಎಂಟು ಪಟ್ಟು ದೊಡ್ಡದು ಮಾಡುವುದು ಸಾಕು. ಹೆಚ್ಚಾದರೆ ದೋಣಿಯ ಅಲುಗಾಟವೂ ಅಷ್ಟೇ ಹೆಚ್ಚಿ ಏನೂ ಕಾಣುವುದಿಲ್ಲ. ಸೊಸೆಯ ಬಳಿ ಕ್ಯಾಮೆರಾ ಇದ್ದರೆ ಟ್ರೈಪಾಡ್ ಬೇಡ, ಎಂಜಿನ್ನಿನ ನಡುಕವನ್ನೆಲ್ಲ ಅದು ಮೇಲಕ್ಕೆ ತಲುಪಿಸುತ್ತದೆ. ಅಕ್ಕಿಯೋ ಬೀನ್ಸ್ ಕಾಳೋ ತುಂಬಿದ ಬಟ್ಟೆಚೀಲದ ಮೇಲೆ ಲೆನ್ಸ್ ಇಟ್ಟು ತೆಗೆಯಲಿ. ಏಪ್ರಿಲ್ ಸಂಜೆಯ ಮೊದಲ ಗಂಟೆ ನೀರಿನ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ, ಟೋಪಿ ಇರಲಿ. ಬಣ್ಣ ಮಣ್ಣಿನದೋ ಎಲೆಯದೋ ಆದರೆ ಒಳ್ಳೆಯದು. ಮಲ್ಲಿಗೆ ಮುಡಿದರೆ ಅಡ್ಡಿಯಿಲ್ಲ, ಗಾಢ ಸೆಂಟು ಬೇಡ.

ಎಲ್ಲಿ, ಹೇಗೆ ಎಂಬುದರಲ್ಲಿ ಹಲವರು ಎಡವುತ್ತಾರೆ. ನಾಗರಹೊಳೆ 643 ಚದರ ಕಿಲೋಮೀಟರಿನ ಕಾಡು, ಬಾಗಿಲುಗಳು ಹಲವು. ಹುಣಸೂರು ಕಡೆಯ ವೀರನಹೊಸಹಳ್ಳಿಗೋ ಕೊಡಗಿನ ಕುಟ್ಟ ಹತ್ತಿರದ ನಾಣಚ್ಚಿಗೋ ಹೋದರೆ ಅಲ್ಲಿರುವುದು ನೆಲದ ಮೇಲಿನ ಸಫಾರಿ, ದೋಣಿ ಇಲ್ಲ. ಕಬಿನಿ ಬದಿಯಲ್ಲೂ ಅರಣ್ಯ ಇಲಾಖೆಯ ದಮ್ಮನಕಟ್ಟೆ ಸಫಾರಿ ವಾಹನದ್ದು. ದೋಣಿ ಹೊರಡುವುದು ಕಾರಾಪುರದಲ್ಲಿ, ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಕಬಿನಿ ರಿವರ್ ಲಾಡ್ಜ್‌ನಿಂದ. ಒಂದು ಕಾಲಕ್ಕೆ ಮಹಾರಾಜರ ಬೇಟೆಬಂಗಲೆಗಳಿದ್ದ ಜಾಗ ಅದು. ಸುತ್ತಲಿನ ಖಾಸಗಿ ರೆಸಾರ್ಟುಗಳಲ್ಲಿ ಉಳಿದವರಿಗೂ ಸಾಮಾನ್ಯವಾಗಿ ಅದರ ಮೂಲಕವೇ ಸೀಟು. ಕೆಲವರು ಹರಿಗೋಲಿನಲ್ಲಿ ಸಂಜೆ ಸುತ್ತಾಟ ಮಾಡಿಸುತ್ತಾರೆ; ಅದು ಖುಷಿಗೆ ಸರಿ, ಸಫಾರಿ ಅಲ್ಲ. ಒಂದು ರಾತ್ರಿ ಉಳಿದರೆ ಸಂಜೆಯದೊಂದು, ಮರುದಿನ ಬೆಳಗಿನದೊಂದು ಸಫಾರಿ ಸಿಗುವುದು ವಾಡಿಕೆ. ಸಂಜೆಯದಕ್ಕೆ ದೋಣಿ ಕೇಳಿ, ಬಿಸಿಲು ತಗ್ಗಿದ ಮೇಲೆಯೇ ಹಿಂಡುಗಳು ದಂಡೆಗೆ ಬರುವುದು. ಬೆಳಗಿನದಕ್ಕೆ ಮಗ ಸೊಸೆ ಜೀಪಿನಲ್ಲಿ ಹೋಗಿ ಹುಲಿ ಹುಡುಕಲಿ, ನೀವಿಬ್ಬರೂ ಹಿನ್ನೀರು ನೋಡುತ್ತ ಕಾಫಿ ಕುಡಿಯಿರಿ. ಮೊಮ್ಮಗಳು ಯಾರ ಜೊತೆ ಅನ್ನುವುದನ್ನು ನಿಮ್ಮನಿಮ್ಮಲ್ಲೇ ಬಗೆಹರಿಸಿಕೊಳ್ಳಿ.

ಹಣ ಕಟ್ಟುವ ಮುಂಚೆ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಲೇಬೇಕು. 2025ರ ಕೊನೆಯಲ್ಲಿ ಸರಗೂರು ಸುತ್ತಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಜನ ಸಿಟ್ಟಿಗೆದ್ದರು. ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಲು ಆದೇಶಿಸಿ, ಆ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚಿದರು. ಇಂಥ ನಿರ್ಧಾರ ಯಾವಾಗಲಾದರೂ ಬರಬಹುದು, ಬಂದಾಗ ಗೊಣಗುವುದು ಸಲ್ಲ. ಕಾಡಂಚಿನಲ್ಲಿ ಹತ್ತಿಗೋ ರಾಗಿಗೋ ರಾತ್ರಿ ಕಾವಲು ಕೂರುವವರಿಗೆ ಆನೆ, ಹುಲಿ ನೋಟದ ವಸ್ತುವಲ್ಲ. ಕಾಡು ಮುಚ್ಚಿದರೆ ಹಣ ವಾಪಸು ಬರುತ್ತದೆಯೇ, ದಿನ ಬದಲಿಸಿಕೊಡುತ್ತಾರೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಮೈಸೂರಿನಿಂದ ಎಚ್.ಡಿ. ಕೋಟೆ, ಹ್ಯಾಂಡ್‌ಪೋಸ್ಟ್ ಮೂಲಕ ಕಾರಾಪುರ ಸುಮಾರು 70 ಕಿಲೋಮೀಟರ್. ಅಲ್ಲಿಂದ ಮುಂದೆ ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಯೋಚನೆಯಿದ್ದರೆ ನೆನಪಿಡಿ, ಆ ಕಾಡುದಾರಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ಬಂದ್. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನನ ಬಳ್ಳೆ ಶಿಬಿರ ಆ ದಾರಿಯಲ್ಲೇ ಸಿಗುತ್ತದೆ. ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ.

ಕಬಿನಿಗೆ ಸೀಟೇ ಸಿಗಲಿಲ್ಲ, ಇಲ್ಲವೇ ಖರ್ಚು ಮೈಮೇಲೆ ಬಂತು ಅನ್ನಿಸಿದರೆ ನೀವು ಅಷ್ಟು ದೂರ ಹೋಗಲೇಬೇಕೆಂದಿಲ್ಲ. ದಾವಣಗೆರೆಗೆ ಭದ್ರಾ ಜಲಾಶಯ ಬಹಳ ಹತ್ತಿರ. ಲಕ್ಕವಳ್ಳಿಯಲ್ಲಿ ಅದೇ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ಇದೆ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ದಂಡೆಯುದ್ದಕ್ಕೂ ದೋಣಿ ಸಫಾರಿ ಇದೆ. ಆನೆಗಳ ಅಂಥ ದೊಡ್ಡ ಜಮಾವಣೆ ಅಲ್ಲಿಲ್ಲ. ಆದರೆ ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರೀವಗಳು ಸಾವಿರಗಟ್ಟಲೆ ಬಂದು ಬರಿಯ ನೆಲದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಆ ಗದ್ದಲ, ಆ ಹಾರಾಟ ಕಬಿನಿಯಲ್ಲಿ ಸಿಗದು. ಬೆಟ್ಟಗಳೂ ಅಲ್ಲಿ ನೀರಿಗೆ ಹತ್ತಿರ, ನೋಟದ ಮಟ್ಟಿಗೆ ಲಕ್ಕವಳ್ಳಿಯೇ ಚೆಂದ ಎನ್ನುವವರಲ್ಲಿ ನಾನೂ ಒಬ್ಬ. ಯಜಮಾನರನ್ನು ಮೊದಲು ಅಲ್ಲೊಂದು ಸಂಜೆ ದೋಣಿ ಹತ್ತಿಸಿ ನೋಡಿ. ಒಪ್ಪಿದರೆ ಏಪ್ರಿಲ್‌ಗೆ ಕಬಿನಿ ಬುಕ್ ಮಾಡಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ದೋಣಿಯಲ್ಲಿ ಜನವೂ ಕಡಿಮೆ, ಮಾತೂ ಕಡಿಮೆ.